ಪಾಡ್‌ಕಾಸ್ಟ್: ಅಕ್ವೇರಿಯಂನ ‘ಕ್ಲೀನರ್’ ಮೀನು ಹೊಳೆ ಸೇರಿದರೆ ಏನಾಗುತ್ತೆ?

(ಈ ಕಂತಿನ ಬರಹ ರೂಪ ಇಲ್ಲಿದೆ)

ಇವತ್ತಿನ ಕಂತನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮನೆ ಹಾಲ್‌ನಲ್ಲಿ ಎರಡಡಿ ಉದ್ದದ ಒಂದು ಅಕ್ವೇರಿಯಂ ಇತ್ತು. ನಾಲ್ಕು ಗೋಲ್ಡ್‌ಫಿಶ್, ಒಂದಿಷ್ಟು ಗಪ್ಪಿ. ಗಾಜಿಗೆ ಹಸಿರು ಪಾಚಿ ಕಟ್ತಾ ಇತ್ತು. ಅಂಗಡಿಯವರು, ‘ಒಂದು ಸಕ್ಕರ್ ತಗೊಂಡೋಗಿ ಬಿಡಿ, ಪಾಚಿ ಎಲ್ಲ ತಿಂದು ಕ್ಲೀನ್ ಮಾಡುತ್ತೆ, ನೀವು ಕೈ ಹಾಕೋದೇ ಬೇಡ’ ಅಂದ್ರು. ಬೆರಳಿನಷ್ಟು ಉದ್ದದ, ಮೈತುಂಬ ಕಪ್ಪು-ಕಂದು ಚುಕ್ಕಿ ಇದ್ದ ಮೀನು. ನಾವು ಅದಕ್ಕೆ ಗುಂಡ ಅಂತ ಹೆಸರಿಟ್ವಿ. ಗುಂಡ ಎರಡು ವರ್ಷದಲ್ಲಿ ನನ್ನ ಮೊಣಕೈಯಿಂದ ಬೆರಳ ತುದಿವರೆಗೆ ಬೆಳೆದ. ಟ್ಯಾಂಕಲ್ಲಿ ತಿರುಗೋಕೂ ಜಾಗ ಇಲ್ಲ. ಗೋಲ್ಡ್‌ಫಿಶ್ ಮೈಗೆ ಅಂಟಿಕೊಳ್ಳೋಕೆ ಶುರು ಮಾಡಿದ.

ಅಮ್ಮ ಹೇಳಿದ್ರು, ‘ಪಾಪ, ಅದಕ್ಕೂ ಜೀವ ಇದೆ. ಕೆರೆಗೆ ಬಿಟ್ಬಿಡಿ, ಆರಾಮಾಗಿರುತ್ತೆ.’ ಒಂದು ಭಾನುವಾರ ಅಪ್ಪ ಪೇಂಟ್ ಬಕೆಟ್‌ನಲ್ಲಿ ಗುಂಡನನ್ನು ಹಾಕಿ, ನನ್ನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಕೆರೆ ಏರಿಗೆ ಹೋದ್ರು. ಬಕೆಟ್ ಬಗ್ಗಿಸಿದವನು ನಾನೇ. ಗುಂಡ ನೀರಿಗೆ ಇಳಿದು ಒಂದು ಸಲ ಬಾಲ ಬಡಿದು ಕಾಣೆಯಾದ. ಒಂದು ಪುಣ್ಯದ ಕೆಲಸ ಮಾಡಿದೆ ಅನ್ನೋ ಖುಷಿಯಲ್ಲಿ ಮನೆಗೆ ಬಂದೆ.

ಅದು ಪುಣ್ಯದ ಕೆಲಸ ಆಗಿರಲಿಲ್ಲ ಅಂತ ಗೊತ್ತಾಗೋಕೆ ನನಗೆ ಹದಿನೈದು ವರ್ಷ ಬೇಕಾಯ್ತು. ಯಾಕೆ ಅಂತ ಇವತ್ತು ನೋಡೋಣ.

ಯಾರಿದು ಸಕ್ಕರ್?

ಮೊದಲು ಒಂದು ಗೊಂದಲ ಬಗೆಹರಿಸಿಬಿಡ್ತೀನಿ. ಕ್ಯಾಟ್‌ಫಿಶ್ ಅಂದ ತಕ್ಷಣ ನಮ್ಮ ನ್ಯೂಸ್‌ಗಳಲ್ಲಿ ಬರೋ ‘ಆಫ್ರಿಕನ್ ಕ್ಯಾಟ್‌ಫಿಶ್’ ನೆನಪಾಗುತ್ತೆ. ಕೋಳಿ ಅಂಗಡಿ ತ್ಯಾಜ್ಯ ಹಾಕಿ ಕದ್ದು ಸಾಕ್ತಾರೆ, ಅಧಿಕಾರಿಗಳು ದಾಳಿ ಮಾಡ್ತಾರೆ ಅಂತ ಓದಿರ್ತೀರಿ. ಅದರ ಸಾಕಣೆಗೆ ನಮ್ಮಲ್ಲಿ ನಿಷೇಧ ಇದೆ. ಇದು ಅದಲ್ಲ. ಇದೂ ಕ್ಯಾಟ್‌ಫಿಶ್ ಬಳಗದ್ದೇ, ಆದರೆ ಬೇರೆ ಖಂಡದ್ದು, ಬೇರೆ ಕುಟುಂಬದ್ದು.

ಇದರ ತವರು ದಕ್ಷಿಣ ಅಮೆರಿಕ. ಅಮೆಜಾನ್, ಒರಿನೊಕೊ ನದಿಗಳ ಸೀಮೆ. ಲೋರಿಕಾರಿಡೇ ಅನ್ನೋ ಕುಟುಂಬ. ಅದರಲ್ಲಿ ಸುಮಾರು ಸಾವಿರ ಬಗೆಯ ಮೀನುಗಳಿವೆ. ಅವುಗಳಲ್ಲಿ ಟೆರಿಗೋಪ್ಲಿಕ್ತಿಸ್ ಅನ್ನೋ ಕುಲದ ಕೆಲವು ಜಾತಿಗಳು ಅಕ್ವೇರಿಯಂ ವ್ಯಾಪಾರದ ಮೂಲಕ ಜಗತ್ತೆಲ್ಲ ಸುತ್ತಿ ಬಂದಿವೆ. ಹೆಸರು ನಾಲಿಗೆಗೆ ಸಿಗಲ್ಲ ಅಂದ್ರೆ ಬಿಡಿ, ನಾವು ಸಕ್ಕರ್ ಅಂತಲೇ ಕರೆಯೋಣ. ಬೆನ್ನ ಮೇಲಿನ ರೆಕ್ಕೆ ಬಿಚ್ಚಿದರೆ ದೋಣಿಯ ಹಾಯಿಯ ಥರ ಕಾಣೋದರಿಂದ ಇದಕ್ಕೆ ಸೈಲ್‌ಫಿನ್ ಕ್ಯಾಟ್‌ಫಿಶ್ ಅಂತಲೂ ಹೆಸರಿದೆ.

ಇದು ತಳದಲ್ಲಿ ಮೇಯೋ ಮೀನು. ಬಾಯಿ ಮುಖದ ಮುಂದೆ ಇಲ್ಲ, ಕೆಳಗಿದೆ. ದುಂಡಗೆ, ಬಾತ್‌ರೂಮ್ ಗೋಡೆಗೆ ಅಂಟಿಸೋ ರಬ್ಬರ್ ಕಪ್ ಥರ. ಆ ಬಾಯಿಂದ ಕಲ್ಲಿಗೋ ಮರದ ತುಂಡಿಗೋ ಕಚ್ಚಿಕೊಂಡು, ನೀರು ಎಷ್ಟೇ ರಭಸವಾಗಿ ಹರಿದರೂ ಜಾರದೆ ನಿಲ್ಲುತ್ತೆ. ಒಳಗೆ ಸಾಲುಸಾಲಾಗಿ ಸಣ್ಣ ಹಲ್ಲು. ತೆಂಗಿನಕಾಯಿ ತುರಿದ ಹಾಗೆ ಪಾಚಿ, ಕೊಳೆತ ಎಲೆ, ತಳದ ಲೋಳೆ ಎಲ್ಲ ಕೆರೆದು ತಿನ್ನುತ್ತೆ.

ಮೈಮೇಲೆ ಸಾಮಾನ್ಯ ಮೀನಿಗಿರೋ ಹುರುಪೆ ಇಲ್ಲ. ಬದಲಿಗೆ ಮೂಳೆಯ ಫಲಕಗಳು, ಒಂದರ ಪಕ್ಕ ಒಂದು ಹೆಂಚು ಹೊದಿಸಿದ ಹಾಗೆ. ರೆಕ್ಕೆಗಳ ಮುಂಚೂಣಿಯಲ್ಲಿ ಗಟ್ಟಿ ಮುಳ್ಳು. ಯಾರಾದ್ರೂ ಹಿಡಿಯೋಕೆ ಬಂದರೆ ಆ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ ಬಿಗಿ ಮಾಡುತ್ತೆ. ಕಣ್ಣು ಇನ್ನೂ ವಿಚಿತ್ರ. ಕಣ್ಣೊಳಗೆ ಮೇಲಿಂದ ಇಳಿಯೋ ಒಂದು ಪುಟ್ಟ ಪರದೆ ಇದೆ. ಹಗಲು ಬೆಳಕು ಜಾಸ್ತಿ ಆದಾಗ ಅದು ಹಿಗ್ಗಿ ಬೆಳಕನ್ನು ತಡೆಯುತ್ತೆ, ಕತ್ತಲಾದಾಗ ಕುಗ್ಗುತ್ತೆ. ಯಾಕಂದ್ರೆ ಇದು ಹೆಚ್ಚಾಗಿ ರಾತ್ರಿ ಮೇಯೋ ಪ್ರಾಣಿ. ನಮ್ಮ ಗುಂಡ ಹಗಲೆಲ್ಲ ಮೂಲೆಯಲ್ಲಿ ಬಿದ್ದಿರ್ತಿದ್ದ, ಸೋಮಾರಿ ಅಂತ ಬೈತಿದ್ವಿ. ಪಾಪ, ಅವನ ಶಿಫ್ಟ್ ರಾತ್ರಿದು!

ಇನ್ನು ಅಂಗಡಿಯಲ್ಲಿ ಹೇಳೋ ‘ಕ್ಲೀನರ್’ ಮಾತು. ಸಣ್ಣದಿದ್ದಾಗ ಗಾಜಿನ ಪಾಚಿ ತಿನ್ನೋದು ನಿಜ. ಆದರೆ ತಿಂದಿದ್ದು ಎಲ್ಲಿಗೆ ಹೋಗುತ್ತೆ? ಅದೇ ನೀರಿಗೆ. ಸಕ್ಕರ್ ಸಾಕಿದವರಿಗೆಲ್ಲ ಗೊತ್ತು, ತಳದಲ್ಲಿ ದಾರದ ಥರ ಉದ್ದುದ್ದ ಹಿಕ್ಕೆ ರಾಶಿ ಬಿದ್ದಿರುತ್ತೆ. ಮಾರುವಾಗ ಎರಡು-ಮೂರು ಇಂಚು. ಬೆಳೆದರೆ ಒಂದೂವರೆ ಅಡಿ ಆಗೋ ಮೀನು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತೆ. ಅಂಗಡಿಯಲ್ಲಿ ಈ ಎರಡು ಸಂಗತಿಯನ್ನು ನನಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಕೆರೆಗೆ ಬಿಟ್ಟರೆ ಹೊಳೆಗೆ ಹೇಗೆ ಹೋಗುತ್ತೆ?

ನಾವು ಬಿಟ್ಟಿದ್ದು ಬೆಂಗಳೂರಿನ ಒಂದು ಕೆರೆಗೆ. ಅದರಿಂದ ಹೊಳೆಗೇನು ಸಂಬಂಧ ಅಂತ ಕೇಳಬಹುದು. ಬೆಂಗಳೂರಿನ ಕೆರೆಗಳು ಒಂದೊಂದೇ ಗುಂಡಿಗಳಲ್ಲ. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು, ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ನೀರು ಹೋಗೋ ಹಾಗೆ ಹಿಂದಿನವರು ಸರಪಳಿ ಕಟ್ಟಿದ್ರು. ಊರಿನ ಪೂರ್ವದ ನೀರು ದಕ್ಷಿಣ ಪಿನಾಕಿನಿ ಕಡೆ ಹೋಗುತ್ತೆ. ಪಶ್ಚಿಮದ ನೀರು ವೃಷಭಾವತಿ ಸೇರಿ, ಅಲ್ಲಿಂದ ಅರ್ಕಾವತಿ ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ಅಂದ್ರೆ ಜೋರು ಮಳೆಗಾಲದಲ್ಲಿ ಕೆರೆಯ ಮೀನಿಗೆ ಹೊಳೆಯ ದಾರಿ ತೆರೆದೇ ಇರುತ್ತೆ.

ದಾರಿಯಲ್ಲಿ ಕೊಳಚೆ ನೀರಿದೆ, ಆಮ್ಲಜನಕ ಇಲ್ಲ, ಮೀನು ಸಾಯಲ್ವಾ ಅಂದ್ರೆ, ಬೇರೆ ಎಷ್ಟೋ ಮೀನು ಸಾಯುತ್ತವೆ. ಸಕ್ಕರ್ ಸಾಯೋದು ಕಷ್ಟ. ನೀರಲ್ಲಿ ಉಸಿರು ಕಟ್ಟಿದರೆ ಇದು ಮೇಲೆ ಬಂದು ಗಾಳಿ ನುಂಗುತ್ತೆ. ನುಂಗಿದ ಗಾಳಿಯಲ್ಲಿನ ಆಮ್ಲಜನಕವನ್ನು ಹೊಟ್ಟೆಯ ತೆಳು ಗೋಡೆಯಲ್ಲಿರೋ ರಕ್ತನಾಳಗಳು ಹೀರಿಕೊಳ್ಳುತ್ತವೆ. ಒಂದು ರೀತಿಯಲ್ಲಿ ಹೊಟ್ಟೆಯೇ ಶ್ವಾಸಕೋಶ. ಹಾಗಾಗಿ ನೀರಿಂದ ತೆಗೆದು ದಡಕ್ಕೆ ಹಾಕಿದರೂ ಮೈ ಒದ್ದೆ ಇದ್ದರೆ ಗಂಟೆಗಟ್ಟಲೆ ಬದುಕಿರುತ್ತೆ.

ಹೊಳೆಯಲ್ಲಿ ಏನು ಮಾಡುತ್ತೆ?

ಮೊದಲನೆಯದು ಬಿಲ. ಮರಿ ಮಾಡೋ ಕಾಲಕ್ಕೆ ಗಂಡು ಸಕ್ಕರ್ ದಡದ ಮಣ್ಣಿನಲ್ಲಿ ಸುರಂಗ ಕೊರೆಯುತ್ತೆ, ಸುಮಾರು ಮೂರಡಿ ಒಳಗಿನ ತನಕ. ಹೆಣ್ಣು ಅಲ್ಲಿ ನೂರಾರು ಮೊಟ್ಟೆ ಇಟ್ಟು ಹೋಗುತ್ತೆ. ಗಂಡು ಕಾವಲು ಕೂರುತ್ತೆ. ನಮ್ಮ ಕಾಟ್ಲಾ, ರೋಹು ಥರ ನೀರಿಗೆ ಮೊಟ್ಟೆ ಚೆಲ್ಲಿ ಹೋಗಿಬಿಡೋ ಅಪ್ಪ ಅಲ್ಲ ಇದು. ಹಾಗಾಗಿ ಉಳಿಯೋ ಮರಿಗಳ ಪಾಲು ಹೆಚ್ಚು. ಒಂದು ಬಿಲವಾದರೆ ಪರವಾಗಿಲ್ಲ. ಒಂದೇ ದಂಡೆಯಲ್ಲಿ ಹತ್ತಾರು, ನೂರಾರು ಬಿಲ ಆದಾಗ? ನೀರು ಇಳಿದಾಗ ದಡ ಜರಡಿ ಥರ ಕಾಣುತ್ತೆ, ಮುಂದಿನ ಮಳೆಗೆ ಕುಸಿಯುತ್ತೆ. ಕೆರೆ ಏರಿ ಮಣ್ಣಿನದು ಅನ್ನೋದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಎರಡನೆಯದು ಊಟ. ಇದು ಬೇರೆ ಮೀನನ್ನು ಬೇಟೆಯಾಡಲ್ಲ. ಆದರೆ ತಳದ ಪಾಚಿ, ಲೋಳೆ ಅನ್ನೋದು ನದಿಯ ಅಡುಗೆಮನೆ. ಸಣ್ಣ ಹುಳು, ಸೀಗಡಿ, ಬಸವನಹುಳು, ಮೃಗಾಲ್‌ನಂಥ ತಳದ ಮೀನು, ಎಲ್ಲಕ್ಕೂ ಅಲ್ಲಿಂದಲೇ ಊಟ. ಸಕ್ಕರ್ ಗುಂಪು ಅದನ್ನು ಕೆರೆದು ಬಳಿದುಬಿಟ್ಟರೆ ಉಳಿದವರಿಗೆ ತಟ್ಟೆ ಖಾಲಿ. ಕೆರೆಯುವಾಗ ತಳಕ್ಕೆ ಅಂಟಿರೋ ಬೇರೆ ಮೀನಿನ ಮೊಟ್ಟೆಯೂ ಹೊಟ್ಟೆಗೆ ಹೋಗುತ್ತೆ.

ಮೂರನೆಯದು ಕಣ್ಣಿಗೆ ಕಾಣದ್ದು. ಮೈಮೇಲೆ ಅಷ್ಟು ಮೂಳೆ ಬೆಳೆಸೋಕೆ ರಂಜಕ, ಅಂದ್ರೆ ಫಾಸ್ಫರಸ್ ಬೇಕು. ಕ್ರಿಸ್ಟಾ ಕ್ಯಾಪ್ಸ್ ಮತ್ತು ಅಲೆಕ್ಸಾಂಡರ್ ಫ್ಲೆಕರ್ ಅನ್ನೋ ವಿಜ್ಞಾನಿಗಳು ಮೆಕ್ಸಿಕೊದ ಚಾಕಾಮಾಕ್ಸ್ ನದಿಯಲ್ಲಿ ಇದನ್ನು ಅಳೆದು 2013ರಲ್ಲಿ ಪ್ರಕಟಿಸಿದ್ರು. ನೀರಲ್ಲಿ ಮೊದಲೇ ಕಡಿಮೆ ಇದ್ದ ರಂಜಕವನ್ನು ಈ ಮೀನುಗಳು ತಮ್ಮ ಮೈಯಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದವು. ಹೊಲದ ಗೊಬ್ಬರವನ್ನು ಯಾರೋ ಒಬ್ಬರೇ ತಮ್ಮನೆ ಉಗ್ರಾಣಕ್ಕೆ ತುಂಬಿಕೊಂಡ ಹಾಗೆ. ಉಳಿದ ಬೆಳೆಗೆ ಏನು ಸಿಗುತ್ತೆ?

ನಾಲ್ಕನೆಯದು ಬಲೆ. ಇದರ ಬಗ್ಗೆ ನಾನು ಹೇಳೋದಕ್ಕಿಂತ ಅನುಭವಿಸಿದವರು ಹೇಳಿದ್ದನ್ನು ಕೇಳಿ. ಅದಕ್ಕೆ ಆಮೇಲೆ ಬರ್ತೀನಿ.

ಎಲ್ಲೆಲ್ಲಿಗೆ ಬಂದಿದೆ?

ಮೆಕ್ಸಿಕೊದಲ್ಲಿ ಇನ್‌ಫಿಯೆರ್ನಿಯೊ ಅಂತ ಒಂದು ದೊಡ್ಡ ಅಣೆಕಟ್ಟಿನ ಜಲಾಶಯ ಇದೆ, ಬಾಲ್ಸಾಸ್ ನದಿಗೆ ಕಟ್ಟಿದ್ದು. ಒಂದು ಕಾಲಕ್ಕೆ ಲ್ಯಾಟಿನ್ ಅಮೆರಿಕದ ದೊಡ್ಡ ಸಿಹಿನೀರಿನ ಮೀನುಗಾರಿಕೆಗಳಲ್ಲಿ ಅದೂ ಒಂದು. ಸಾವಿರಾರು ಕುಟುಂಬ ತಿಲಾಪಿಯಾ ಹಿಡಿದು ಬದುಕ್ತಾ ಇದ್ವು. 2000ದ ದಶಕದಲ್ಲಿ ಅಲ್ಲಿ ಸಕ್ಕರ್ ತುಂಬಿಕೊಂಡಿತು. ಬಲೆಗೆ ಬೀಳೋದರಲ್ಲಿ ಬಹುಪಾಲು ಇದೇ ಆಯ್ತು. ಕೊಳ್ಳೋರಿಲ್ಲ, ಬಲೆ ಬೇರೆ ಹಾಳು. ಅಲ್ಲಿನವರು ಇದಕ್ಕೆ ‘ಪೆಸ್ ಡಿಯಾಬ್ಲೊ’ ಅಂತ ಹೆಸರಿಟ್ರು, ಅಂದ್ರೆ ದೆವ್ವದ ಮೀನು.

ಅಮೆರಿಕದ ಫ್ಲಾರಿಡಾದಲ್ಲಿ ಮ್ಯಾನಟೀ ಅನ್ನೋ ದೊಡ್ಡ ಸಾಧು ಪ್ರಾಣಿಗಳು ಚಳಿಗಾಲಕ್ಕೆ ಬೆಚ್ಚಗಿನ ಚಿಲುಮೆ ನೀರಿಗೆ ಬರುತ್ತವೆ. ಅವುಗಳ ಮೈಮೇಲಿನ ಪಾಚಿ ತಿನ್ನೋಕೆ ಸಕ್ಕರ್‌ಗಳು ಹತ್ತಾರು ಸೇರಿ ಅಂಟಿಕೊಳ್ಳುತ್ತವೆ. ವಿಶ್ರಾಂತಿಗೆ ಬಂದ ಮ್ಯಾನಟೀ ಮೈ ಕೊಡವಿ ಕೊಡವಿ ಸುಸ್ತಾಗುತ್ತೆ. ನಮ್ಮ ಗೋಲ್ಡ್‌ಫಿಶ್‌ಗೆ ಗುಂಡ ಮಾಡಿದ್ದೂ ಇದನ್ನೇ.

ನಮ್ಮ ದೇಶಕ್ಕೆ ಬಂದರೆ, ಕೋಲ್ಕತ್ತದ ಪೂರ್ವದಲ್ಲಿರೋ ಜೌಗು ಪ್ರದೇಶದ ಮೀನುಕೆರೆಗಳಲ್ಲಿ ಇದು ನೆಲೆಯೂರಿದೆ. ಆಂಧ್ರ, ಕೇರಳ, ತಮಿಳುನಾಡಿನ ನೀರಲ್ಲೂ ಸಿಕ್ಕಿದೆ. 2020ರಲ್ಲಿ ವಾರಾಣಸಿ ಹತ್ತಿರ ಗಂಗೆಯಲ್ಲಿ ಮೀನುಗಾರರ ಬಲೆಗೆ ಬಿದ್ದಾಗ ದೇಶವೆಲ್ಲ ಸುದ್ದಿಯಾಯ್ತು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಒಂದು ಜಾಣ ವಿಧಾನ ಕಂಡುಕೊಂಡಿದ್ದಾರೆ: ಮೀನು ಹಿಡಿಯೋದೇ ಬೇಡ, ಒಂದಿಷ್ಟು ನೀರು ತಗೊಂಡು ಅದರಲ್ಲಿ ಈ ಮೀನು ಉದುರಿಸಿದ ಡಿಎನ್‌ಎ ಇದೆಯಾ ಅಂತ ನೋಡೋದು. ಹಾಗೆ ಪರೀಕ್ಷೆ ಮಾಡಿದಾಗ ಪೂರ್ವ ಘಟ್ಟಗಳ ಜಲಮೂಲಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಕಡೆ ಇದರ ಗುರುತು ಸಿಕ್ಕಿತು. ಪಕ್ಕದ ಬಾಂಗ್ಲಾದೇಶ 2023ರಲ್ಲಿ ಸಕ್ಕರ್ ಮೀನನ್ನು ನಿಷೇಧಿಸಿತು.

ಗಮನಿಸಿ, ಗಂಗೆಗೂ ಅಮೆಜಾನ್‌ಗೂ ನಡುವೆ ಸಾಗರಗಳಿವೆ. ಈ ಮೀನು ಉಪ್ಪುನೀರಿನ ಸಾಗರ ಈಜಿ ಬಂದಿಲ್ಲ. ಪಾಲಿಥಿನ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ಬಂತು. ಅಲ್ಲಿಂದ ಯಾರದೋ ಮನೆ ಹಾಲ್‌ಗೆ. ಅಲ್ಲಿಂದ ಬಕೆಟ್‌ಗೆ.

ಕೆರೆ ಏರಿ ಮೇಲೆ

ಕಳೆದ ವರ್ಷ ನಾನು ಅದೇ ಕೆರೆಗೆ ವಾಕಿಂಗ್ ಹೋಗಿದ್ದೆ. ಬೆಳಿಗ್ಗೆ ಆರೂವರೆ. ಇಬ್ಬರು ತೆಪ್ಪದಲ್ಲಿ ಹೋಗಿ ರಾತ್ರಿ ಬಿಟ್ಟ ಬಲೆ ಎಳೆದು ತಂದಿದ್ರು. ಏರಿ ಮೇಲೆ ಕೂತು ಬಲೆ ಬಿಡಿಸ್ತಾ ಇದ್ರು. ಪಕ್ಕದಲ್ಲಿ ಒಂದು ರಾಶಿ: ಕಪ್ಪು ಚುಕ್ಕಿ, ಒರಟು ಮೈ. ನೋಡಿದ ತಕ್ಷಣ ಗುರುತು ಸಿಕ್ತು.

ವಯಸ್ಸಾದವರು ಒಬ್ಬರು ಕತ್ತರಿಯಿಂದ ನೈಲಾನ್ ದಾರ ಕತ್ತರಿಸ್ತಾ ಇದ್ರು. ನಾನು ‘ಯಾಕಣ್ಣ ಬಲೆ ಕತ್ತರಿಸ್ತೀರ?’ ಅಂದೆ.

‘ಇನ್ನೇನ್ ಮಾಡ್ಲಿ ಹೇಳಪ್ಪ. ಮುಳ್ಳು ಬಿಚ್ಕೊಂಡು ಕೂತದೆ, ಬಿಡ್ಸಾಕ್ ಹೋದ್ರೆ ಕೈ ಕುಯ್ಯುತ್ತೆ. ಬಲೆ ಕುಯ್ಯೋದಾ, ಕೈ ಕುಯ್ಕೊಳೋದಾ?’

‘ತಿನ್ನಲ್ವಾ ಇದನ್ನ?’

‘ಯಾರ್ ತಗೋತಾರೆ? ಮೇಲೆಲ್ಲ ಚಿಪ್ಪು, ಒಳ್ಗಡೆ ಹಿಡಿಯಷ್ಟು ಮಾಂಸ ಇಲ್ಲ. ಮೊದ್ಲು ಇವೆಲ್ಲ ಇರ್ಲಿಲ್ಲ. ಯಾರೋ ಪುಣ್ಯಾತ್ಮರು ತಂದು ಬಿಟ್ಟವ್ರೆ.’

ಪುಣ್ಯಾತ್ಮರು. ಅವರು ಬೈದಿದ್ದು ಯಾರನ್ನು ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಲೆಗೆ ಎಷ್ಟಾಗುತ್ತೆ ಅಂತ ಕೇಳಿದೆ. ‘ನಮ್ಮ ದುಡ್ಡಲ್ವಾ, ಎಷ್ಟಾದ್ರೇನು’ ಅಂದ್ರು. ನಾನೇ ಬಿಟ್ಟೆ ಅಂತ ಹೇಳೋ ಧೈರ್ಯ ಬರಲಿಲ್ಲ. ಇವತ್ತು ಮೈಕ್ ಮುಂದೆ ಹೇಳ್ತಿದ್ದೀನಿ.

ಒಂದೇ ಮೀನು ಬಿಟ್ಟಿದ್ದಕ್ಕೆ ಅಷ್ಟೂ ರಾಶಿ ಆಯ್ತಾ? ಇಲ್ಲ. ಮರಿ ಮಾಡೋಕೆ ಜೋಡಿ ಬೇಕಲ್ಲ. ಆದರೆ ನಮ್ಮ ಏರಿಯಾದಲ್ಲಿ ಅಕ್ವೇರಿಯಂ ಇಟ್ಟಿದ್ದ ಮನೆ ನಮ್ಮದೊಂದೇ ಆಗಿರಲಿಲ್ಲ, ‘ಪಾಪ’ ಅಂದ ಅಮ್ಮ ನಮ್ಮಮ್ಮ ಒಬ್ಬರೇ ಆಗಿರಲಿಲ್ಲ.

ಹಾಗಾದ್ರೆ ಮೀನು ಕೆಟ್ಟದ್ದಾ?

ಖಂಡಿತ ಅಲ್ಲ. ಅಮೆಜಾನ್ ತೀರದಲ್ಲಿ ಇದು ಊಟ. ಬ್ರೆಜಿಲ್‌ನ ಮನಾಸ್ ಪಟ್ಟಣದಲ್ಲಿ ಇದರ ಬಳಗದ ಮೀನಿಗೆ ‘ಬೊಡೊ’ ಅಂತಾರೆ. ಚಿಪ್ಪಿನ ಸಮೇತ ಕೆಂಡದ ಮೇಲೆ ಸುಡ್ತಾರೆ, ಸಾರು ಮಾಡ್ತಾರೆ. ಅಲ್ಲಿ ಇದನ್ನು ತಿನ್ನೋ ನೀರುನಾಯಿ ಇವೆ, ಮೊಸಳೆಯ ಬಳಗದ ಕೈಮನ್‌ಗಳಿವೆ. ಅಲ್ಲಿನ ನದಿಗೆ ಇದರ ಲೆಕ್ಕ ಗೊತ್ತು. ನಮ್ಮ ನೀರಿನಲ್ಲಿ ಆ ಲೆಕ್ಕ ಇಡೋರು ಕಡಿಮೆ. ಇಷ್ಟು ಗಟ್ಟಿ ಚಿಪ್ಪು, ಬಿಚ್ಚಿದ ಮುಳ್ಳು ನಮ್ಮ ಹಕ್ಕಿಗಳಿಗೆ ರೂಢಿ ಇಲ್ಲ. ಪೋರ್ಟೊ ರಿಕೊ ದ್ವೀಪದಲ್ಲಿ ಪೆಲಿಕನ್ ಹಕ್ಕಿಗಳು ಇದನ್ನು ನುಂಗೋಕೆ ಹೋಗಿ ಗಂಟಲಲ್ಲಿ ಸಿಕ್ಕಿ ಸತ್ತಿದ್ದು ದಾಖಲಾಗಿದೆ.

ಹಾಗಂತ ‘ನಾವೂ ತಿಂದು ಮುಗಿಸಿಬಿಡೋಣ’ ಅನ್ನೋದು ಅಷ್ಟು ಸುಲಭ ಅಲ್ಲ. ತಳದ ಕೆಸರನ್ನೇ ಮೇಯೋ ಮೀನಿನ ಮೈಗೆ ಆ ಕೆಸರಿನ ವಿಷವೂ ಸೇರುತ್ತೆ. ಕಾರ್ಖಾನೆ ನೀರು, ಚರಂಡಿ ನೀರು ಸೇರೋ ಕೆರೆಯಲ್ಲಿ ಹಿಡಿದ ಸಕ್ಕರ್ ತಿನ್ನಿ ಅಂತ ನಾನಂತೂ ಹೇಳಲ್ಲ.

ಈಗ ನಾವೇನು ಮಾಡಬಹುದು?

ಒಮ್ಮೆ ನದಿಯಲ್ಲಿ ನೆಲೆಯೂರಿದ ಸಕ್ಕರ್ ಸಂತಾನವನ್ನು ಪೂರ್ತಿ ತೆಗೆಯೋದು ಹತ್ತಿರ ಹತ್ತಿರ ಅಸಾಧ್ಯ. ಹಾಗಾಗಿ ಮಾಡೋ ಕೆಲಸ ಎಲ್ಲ ಬಕೆಟ್ ಬಗ್ಗಿಸೋಕೆ ಮುಂಚೆಯೇ.

ಹೊಸದಾಗಿ ಅಕ್ವೇರಿಯಂ ಇಡ್ತಿದ್ದರೆ ಸಕ್ಕರ್ ತರಲೇಬೇಡಿ. ಪಾಚಿಗೆ ಒಂದು ಸ್ಪಂಜು, ಒಂದು ಹಳೇ ಎಟಿಎಂ ಕಾರ್ಡ್ ಸಾಕು. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ, ಟ್ಯಾಂಕಿನ ಮೇಲೆ ನೇರ ಬಿಸಿಲು ಬೀಳದ ಹಾಗೆ ನೋಡಿಕೊಂಡರೆ ಪಾಚಿ ಅರ್ಧ ಕಡಿಮೆಯಾಗುತ್ತೆ. ಮೀನು ಕೊಳ್ಳುವಾಗ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ: ಇದು ಎಷ್ಟು ದೊಡ್ಡದಾಗುತ್ತೆ? ಎಷ್ಟು ವರ್ಷ ಬದುಕುತ್ತೆ?

ಈಗಾಗಲೇ ಮನೆಯಲ್ಲಿ ದೊಡ್ಡ ಸಕ್ಕರ್ ಇದ್ದರೆ ಗಾಬರಿ ಬೇಡ, ಅದನ್ನು ದ್ವೇಷಿಸೋದೂ ಬೇಡ. ತಂದ ಅಂಗಡಿಯನ್ನೇ ಮೊದಲು ಕೇಳಿ, ಕೆಲವರು ವಾಪಸ್ ತಗೋತಾರೆ. ದೊಡ್ಡ ಟ್ಯಾಂಕ್ ಇರೋ ಹವ್ಯಾಸಿಗಳ ವಾಟ್ಸ್‌ಆ್ಯಪ್, ಫೇಸ್‌ಬುಕ್ ಗುಂಪುಗಳಿವೆ, ಅಲ್ಲಿ ಹಾಕಿ. ಯಾರೂ ಸಿಗದಿದ್ದರೆ, ಮೀನಿನ ಬಗ್ಗೆ ಗೊತ್ತಿರೋ ಪಶುವೈದ್ಯರನ್ನು ಕೇಳಿ. ಕೆರೆ, ಹೊಳೆ, ಬಾವಿ, ದೇವಸ್ಥಾನದ ಕಲ್ಯಾಣಿ, ಅಪಾರ್ಟ್‌ಮೆಂಟ್ ಪಕ್ಕದ ರಾಜಕಾಲುವೆ, ಈ ಯಾವುದಕ್ಕೂ ಬಿಡಬೇಡಿ. ಇದು ಸಕ್ಕರ್‌ಗೆ ಮಾತ್ರ ಅಲ್ಲ, ಮನೆಯಲ್ಲಿ ಸಾಕಿದ ಯಾವುದೇ ವಿದೇಶಿ ಮೀನಿಗೂ, ಆಮೆಗೂ ಅನ್ವಯ.

ಗಾಳ ಹಾಕೋ ಹವ್ಯಾಸ ಇದ್ದು ಸಕ್ಕರ್ ಸಿಕ್ಕರೆ ವಾಪಸ್ ನೀರಿಗೆ ಎಸೆಯಬೇಡಿ. ಫೋಟೋ ತೆಗೆದು, ಜಾಗ, ದಿನಾಂಕ ಬರೆದು ಮೀನುಗಾರಿಕೆ ಇಲಾಖೆಗೆ ಕಳಿಸಿ, ಇಲ್ಲವೇ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ. ಎಲ್ಲೆಲ್ಲಿ ಹರಡಿದೆ ಅನ್ನೋ ನಕ್ಷೆಗೆ ನಿಮ್ಮದೂ ಒಂದು ಚುಕ್ಕಿ ಸೇರುತ್ತೆ.

ಕಳೆದ ವಾರ ಅಮ್ಮನಿಗೆ ಈ ಸ್ಕ್ರಿಪ್ಟ್ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಾವು ಒಳ್ಳೇದಾಗಲಿ ಅಂತ ತಾನೇ ಬಿಟ್ಟಿದ್ದು’ ಅಂದ್ರು. ಹೌದಮ್ಮ, ಒಳ್ಳೇದಾಗಲಿ ಅಂತಲೇ. ಈ ಕಂತು ಕೇಳ್ತಿರೋರಲ್ಲಿ ಎಷ್ಟೋ ಜನ ಹಾಗೇ ಬಿಟ್ಟಿರ್ತೀರಿ. ನಿಮ್ಮನ್ನು ಬೈಯೋಕೆ ಇದನ್ನು ಮಾಡಿಲ್ಲ. ಮುಂದಿನ ಭಾನುವಾರ ಇನ್ಯಾರೋ ಸ್ಕೂಟರ್‌ಗೆ ಬಕೆಟ್ ಸಿಕ್ಕಿಸಿಕೊಂಡು ಹೊರಡೋ ಮುಂಚೆ ಅವರಿಗೆ ಈ ಲಿಂಕ್ ಕಳಿಸಿ, ಅಷ್ಟೇ.

ನಿಮ್ಮೂರಿನ ಕೆರೆ, ಹೊಳೆಯಲ್ಲಿ ಈ ಮೀನು ನೋಡಿದ್ದೀರಾ? ನಿಮ್ಮ ಕಡೆ ಇದಕ್ಕೆ ಏನಂತಾರೆ? ನಮಗೆ ಬರೆದು ತಿಳಿಸಿ. ಮತ್ತೊಂದು ಕಂತಿನಲ್ಲಿ ಸಿಗೋಣ. ಅಲ್ಲಿವರೆಗೆ, ನಮಸ್ಕಾರ.